ರಾಧೆಯ ಮಗ, ಸಾಂಬ್ರಾಣಿಯ ಮಗಳು

ಹಳಿಯಾಳ ತಾಲೂಕಿನ ಸಾಂಬ್ರಾಣಿಯಲ್ಲಿ ಒಂದು ರೈತ ಕುಟುಂಬ. ಗಂಡ, ಹೆಂಡತಿ, ಗಂಡನ ತಾಯಿ ಮತ್ತು ಹತ್ತನೆಯ ತರಗತಿಯಲ್ಲಿ ಓದುವ ಒಬ್ಬಳೇ ಮಗಳು. ಭತ್ತದ ಗದ್ದೆ, ಒಂದಿಷ್ಟು ಕಬ್ಬು, ಎರಡು ಎಮ್ಮೆ. ಒಂದು ಸಂಜೆ ಶಾಲೆಯಿಂದ ಬಂದ ಹುಡುಗಿ ಪಾಟಿಚೀಲ ಇಳಿಸಿದವಳೇ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿಯ ಹತ್ತಿರ ಬಂದು ಕುಳಿತಳು.

"ಅವ್ವಾ, ನಿನ್ನ ಕಿವಿ ತೋರಸು."

"ಯಾಕವಾ, ಬೆಂಡೋಲಿ ಬಿದ್ದಾವೇನ?"

"ಅಲ್ಲ, ಸಾಲ್ಯಾಗ ಬರಕೊಂಡ ಬಾ ಅಂದಾರ. ಅಪ್ಪಂದೂ ನೋಡಬೇಕು."

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಅನುವಂಶೀಯತೆಯ ಪಾಠದಲ್ಲಿ ಇಂಥದೊಂದು ಚಟುವಟಿಕೆ ಇದೆ. ಓಲೆ ಚುಚ್ಚುವ ಕಿವಿಹಾಲೆ ಕೆಲವರಲ್ಲಿ ಬಿಡಿಯಾಗಿ ಇಳಿಬಿದ್ದಿರುತ್ತದೆ, ಕೆಲವರಲ್ಲಿ ಕೆನ್ನೆಗೆ ಅಂಟಿಕೊಂಡಿರುತ್ತದೆ. ಮಕ್ಕಳು ತಮ್ಮ ಕಿವಿಯನ್ನೂ ತಂದೆತಾಯಿಗಳ ಕಿವಿಯನ್ನೂ ನೋಡಿ ಹೋಲಿಸಬೇಕು. ಹುಡುಗಿ ನೋಡಿದಳು. ಅಪ್ಪನದು ಅಂಟಿದ ಹಾಲೆ, ಅವ್ವನದೂ ಅಂಟಿದ ಹಾಲೆ. ಕನ್ನಡಿಯಲ್ಲಿ ತನ್ನದು ಬಿಡಿ. "ಇದ ಹೆಂಗ?" ಎಂದು ನಗುತ್ತಲೇ ಕೇಳಿದಳು. ತಾಯಿಯ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಕರಿದಾಯಿತು.

ಆ ಹುಡುಗಿ ದತ್ತು ಬಂದ ಮಗಳು. ಎಂಟು ತಿಂಗಳ ಕೂಸಾಗಿದ್ದಾಗ ಕಾನೂನುಬದ್ಧವಾಗಿ, ನ್ಯಾಯಾಲಯದ ಆದೇಶದೊಂದಿಗೆ ಈ ಮನೆಗೆ ಬಂದವಳು. ಕೂಸನ್ನು ಮಡಿಲಿಗೆ ಹಾಕುವಾಗ ಸಂಸ್ಥೆಯ ಕಾರ್ಯಕರ್ತೆ ಒಂದು ಮಾತು ಹೇಳಿದ್ದರು: "ಮಗೂಗೆ ಮೂರು-ನಾಲ್ಕು ವರ್ಷ ಆದಾಗಿಂದಲೇ ಕಥೆಯ ಹಾಗೆ ಹೇಳ್ತಾ ಬನ್ನಿ." ದಂಪತಿ ತಲೆಯಾಡಿಸಿದ್ದರು. ಆದರೆ ಮೂರು ವರ್ಷವಾದಾಗ ಅಜ್ಜಿ, "ಇಷ್ಟ ಸಣ್ಣಾಕಿಗೆ ಏನ ತಿಳೀತದ?" ಎಂದಳು. ಎಂಟು ವರ್ಷವಾದಾಗ, "ಈಗ ಹೇಳಿದರ ಮನಸ್ಸಿಗೆ ಹಚಗೋತಾಳ" ಎಂದಳು. ಹನ್ನೆರಡಾದಾಗ, ಹತ್ತನೆಯ ಪರೀಕ್ಷೆ ಮುಗಿಯಲಿ ಎಂದು ದಂಪತಿಯೇ ಅಂದುಕೊಂಡರು. ಹೇಳಬಾರದೆಂದು ಯಾರೂ ತೀರ್ಮಾನಿಸಿರಲಿಲ್ಲ. ದಿನ ಮುಂದೂಡುತ್ತ ಹೋದರು, ಅಷ್ಟೇ.

ಆ ಸಂಜೆಯೂ ತಪ್ಪಿಸಿಕೊಳ್ಳಲು ದಾರಿಯಿತ್ತು. ಕಿವಿಹಾಲೆ ಒಂದೇ ಒಂದು ವಂಶವಾಹಿಯಿಂದ ನಿರ್ಧಾರವಾಗುವುದಿಲ್ಲ, ಹಲವಾರು ವಂಶವಾಹಿಗಳು ಅದರಲ್ಲಿ ಕೈಯಾಡಿಸುತ್ತವೆ ಎಂಬುದು ಇಂದು ವಿಜ್ಞಾನಕ್ಕೆ ಗೊತ್ತು. ಅಂಟಿದ ಹಾಲೆಯ ತಂದೆತಾಯಿಗೆ ಬಿಡಿ ಹಾಲೆಯ ಮಗು ಹುಟ್ಟಬಹುದು. ಊರಲ್ಲಿ ಓದಿದವರನ್ನು ಕೇಳಿದ್ದರೆ ಈ ಉತ್ತರ ಸಿಗುತ್ತಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಮುಂದೆ ರಕ್ತದ ಗುಂಪಿನ ಚೀಟಿ ಬರುತ್ತದೆ. ತಂದೆತಾಯಿ ಇಬ್ಬರದೂ 'ಒ' ಗುಂಪಾಗಿದ್ದು ಮಗುವಿನದು 'ಎ' ಆಗಿದ್ದರೆ, ತೀರ ಅಪರೂಪದ ಸಂದರ್ಭ ಬಿಟ್ಟು ಅದಕ್ಕೆ ಸಮಜಾಯಿಷಿ ಇಲ್ಲ. ಅದೂ ಬೇಡ, ಮದುವೆ ಮನೆಯಲ್ಲಿ ಯಾರೋ ದೂರದ ಅತ್ತೆ ಒಂದು ಮಾತು ಆಡಿದರೆ ಸಾಕು.

ಈ ತಾಯಿಗೆ ಓದುವ ಅಭ್ಯಾಸವಿತ್ತು. ಗ್ರಂಥಾಲಯದಿಂದ ತಂದ ಕಾದಂಬರಿಗಳನ್ನು ಮಧ್ಯಾಹ್ನದ ಹೊತ್ತು ಓದುತ್ತಿದ್ದಳು. ಭೈರಪ್ಪನವರ 'ವಂಶವೃಕ್ಷ'ವನ್ನೂ ಓದಿದ್ದಳು. ವಂಶದ ಶುದ್ಧಿಯನ್ನೇ ಬಾಳಿನ ಆಧಾರವೆಂದು ನಂಬಿದ್ದ ಶ್ರೀನಿವಾಸ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಸತ್ಯ ಇಳಿವಯಸ್ಸಿನಲ್ಲಿ, ಹಳೆಯ ಕಾಗದಪತ್ರಗಳಿಂದ ತಿಳಿಯುತ್ತದೆ. ಹೇಳಬೇಕಾದವರು ಆಗ ಯಾರೂ ಬದುಕಿರುವುದಿಲ್ಲ. ಅದನ್ನು ಓದಿದ ದಿನ ಆಕೆಗೆ ತನ್ನ ಟ್ರಂಕಿನ ತಳದಲ್ಲಿದ್ದ ಕಡತ ನೆನಪಾಗಿತ್ತು. ನೆನಪಾಗಿಯೂ ಸುಮ್ಮನಾಗಿದ್ದಳು.

ಅದಕ್ಕಿಂತ ಹಳೆಯ ಕಥೆ ನಮ್ಮೆಲ್ಲರಿಗೂ ಗೊತ್ತಿರುವ ಕರ್ಣನದು. ಪಕ್ಕದ ಯಲ್ಲಾಪುರದ ಕಡೆ ಹೋದರೆ 'ಕರ್ಣಭೇದನ'ದ ತಾಳಮದ್ದಲೆ ಕೇಳದವರು ಕಡಿಮೆ. ದತ್ತು ಮಕ್ಕಳ ತಂದೆತಾಯಿಗಳು ಈ ಕಥೆಯನ್ನು ಇನ್ನೊಮ್ಮೆ, ರಾಧೆ ಮತ್ತು ಅಧಿರಥರ ಕಡೆಯಿಂದ ಓದಬೇಕು. ಅಸ್ತ್ರವಿದ್ಯೆಯ ಪ್ರದರ್ಶನದ ದಿನ ತುಂಬಿದ ರಂಗದಲ್ಲಿ ಕೃಪಾಚಾರ್ಯರು ಕರ್ಣನ ಕುಲ ಕೇಳುತ್ತಾರೆ. ಅವನು ತಲೆ ತಗ್ಗಿಸುತ್ತಾನೆ. ದುರ್ಯೋಧನ ಅಲ್ಲಿಯೇ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ. ಆಗ ಮುದುಕ ಅಧಿರಥ ಕೋಲೂರಿಕೊಂಡು ಬರುತ್ತಾನೆ. ಅಭಿಷೇಕದ ನೀರಿನಿಂದ ಇನ್ನೂ ಒದ್ದೆಯಾಗಿರುವ ತಲೆಯನ್ನು ಕರ್ಣ ಆ ಸೂತನ ಪಾದಕ್ಕೆ ಬಾಗಿಸುತ್ತಾನೆ. ಮುಂದೆ ಯುದ್ಧ ಹೊಸ್ತಿಲಿಗೆ ಬಂದಾಗ ಕೃಷ್ಣ ಜನ್ಮರಹಸ್ಯ ಹೇಳಿ ರಾಜ್ಯದ ಆಸೆ ತೋರಿಸುತ್ತಾನೆ. ವ್ಯಾಸಭಾರತದ ಕರ್ಣ ಕೊಡುವ ಉತ್ತರದ ತಾತ್ಪರ್ಯ ಇಷ್ಟು: ನನ್ನನ್ನು ಕಂಡ ವಾತ್ಸಲ್ಯಕ್ಕೇ ರಾಧೆಯ ಎದೆಯಲ್ಲಿ ಹಾಲು ಬಂತು, ಅಧಿರಥ ಜಾತಕರ್ಮ ಮಾಡಿಸಿದ, ಮದುವೆ ಮಾಡಿದ, ಇಡೀ ಭೂಮಿ ಕೊಟ್ಟರೂ ಈ ಸಂಬಂಧವನ್ನು ಬಿಡಲಾರೆ.

ಇದರಲ್ಲಿ ಎರಡು ಪಾಠಗಳಿವೆ. ಸತ್ಯ ತಿಳಿದರೆ ಮಗು ಕೈಬಿಟ್ಟು ಹೋದೀತೆಂಬ ಭಯಕ್ಕೆ ಕರ್ಣನ ಉತ್ತರವೇ ಸಮಾಧಾನ. ಆದರೆ ಆ ಸತ್ಯ ತಡವಾಗಿ, ಬೇರೆಯವರ ಬಾಯಿಂದ, ಅವರ ಉದ್ದೇಶಕ್ಕಾಗಿ ಬಂದರೆ ಅದು ಮಗುವಿಗೆ ಆಸರೆಯಾಗುವುದಿಲ್ಲ, ಆಯುಧವಾಗುತ್ತದೆ.

ದತ್ತು ಎಂಬುದು ಈ ಸೀಮೆಗೆ ಹೊಸದೂ ಅಲ್ಲ. ಇಲ್ಲಿಂದ ಬಹಳ ದೂರವಿಲ್ಲದ ಕಿತ್ತೂರಿನಲ್ಲಿ 1824ರಲ್ಲಿ ಯುದ್ಧ ನಡೆದದ್ದೇ ಒಂದು ದತ್ತಕದ ಕಾರಣಕ್ಕೆ. ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಸಾಯುವ ಮುನ್ನ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಎದುರು ನಿಂತಳು. ಅಕ್ಟೋಬರ್ 23ರಂದು ಥ್ಯಾಕರೆ ಹತನಾದ. ಅದೇ ದತ್ತುಪುತ್ರನ ಹಕ್ಕಿಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಹಳಿಯಾಳಕ್ಕೆ ನೆರೆಯ ನಂದಗಡದಲ್ಲಿ ಗಲ್ಲಿಗೇರಿಸಿದರು. ಆದರೆ ಆಗಿನ ದತ್ತಕ ಗಾದಿಗೆ, ವಂಶಕ್ಕೆ, ಪಿಂಡಕ್ಕೆ. ಗಂಡುಮಗುವೇ ಬೇಕಿತ್ತು. ಹೆಣ್ಣುಮಗುವಿಗೂ ದತ್ತು ಬರುವ ಅವಕಾಶವನ್ನು ಸ್ಪಷ್ಟವಾಗಿ ಕೊಟ್ಟದ್ದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಇಂದಿನ ದೃಷ್ಟಿ ಇನ್ನೂ ಒಂದು ಹೆಜ್ಜೆ ಮುಂದಿದೆ: ಮನೆಗೊಂದು ಮಗು ಎನ್ನುವುದಕ್ಕಿಂತ ಮಗುವಿಗೊಂದು ಮನೆ.

ದತ್ತು ತೆಗೆದುಕೊಳ್ಳಬಯಸುವವರು ಕೆಲವು ಸಂಗತಿಗಳನ್ನು ತಿಳಿದಿರಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ 'ಕಾರಾ'ದಲ್ಲಿ ಹೆಸರು ನೋಂದಾಯಿಸಬೇಕು. ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಇದಕ್ಕೆ ನೆರವಾಗುತ್ತದೆ. 2022ರ ಸೆಪ್ಟೆಂಬರಿನಿಂದ ದತ್ತಕದ ಆದೇಶ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳಿಂದ ಸಿಗುತ್ತದೆ. ಎರಡು ವರ್ಷದೊಳಗಿನ ಮಗು ಬೇಕೆಂದರೆ ಗಂಡಹೆಂಡಿರ ಒಟ್ಟು ವಯಸ್ಸು 85 ಮೀರಿರಬಾರದು. ಮಗು ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಕಾರ್ಯಕರ್ತರು ಬಂದು ನೋಡಿ ವರದಿ ಬರೆಯುತ್ತಾರೆ. ಇದಕ್ಕೆಲ್ಲ ಕಾಲ ಹಿಡಿಯುತ್ತದೆಂದು ಆಸ್ಪತ್ರೆಯ ಬಾಗಿಲಲ್ಲಿ ಮಧ್ಯವರ್ತಿಯ ಕೈಯಿಂದ ಮಗು ಕೊಂಡರೆ ಅದು ದತ್ತಕವಲ್ಲ, ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ದತ್ತು ಬಂದವರಿಗೆ 18 ತುಂಬಿದ ಮೇಲೆ ತಮ್ಮ ಮೂಲದ ಬಗ್ಗೆ ತಾವೇ ಅರ್ಜಿ ಹಾಕಿ ವಿಚಾರಿಸುವ ಅವಕಾಶವೂ ಇದೆ; ಹೆತ್ತವರ ಗೌಪ್ಯಕ್ಕೆ ಧಕ್ಕೆ ಬರದಷ್ಟು ಮಾಹಿತಿ ಕೊಡುತ್ತಾರೆ. ಕಾನೂನೇ ಬಾಗಿಲು ತೆರೆದಿರುವಾಗ ಮನೆಯವರು ಮುಚ್ಚಿಟ್ಟು ಎಷ್ಟು ದಿನ ಕಾದಾರು?

ಬೇರೆ ದೇಶಗಳಲ್ಲಿ ಇದಕ್ಕಾಗಿಯೇ ಪುಸ್ತಕಗಳು ಬಂದಿವೆ. ಅಮೆರಿಕದ ವ್ಯಾಲೆಂಟಿನಾ ವಾಸನ್ 1939ರಲ್ಲೇ 'ದಿ ಚೋಸನ್ ಬೇಬಿ' ಎಂಬ ಮಕ್ಕಳ ಕಥೆ ಬರೆದು, ದತ್ತು ಬಂದ ಬಗೆಯನ್ನು ಮಲಗುವ ಹೊತ್ತಿನ ಕಥೆಯಾಗಿಸಿದರು. ಡೇವಿಡ್ ಬ್ರಾಡ್‌ಜಿನ್‌ಸ್ಕಿ ಮತ್ತು ಸಂಗಡಿಗರ 'ಬೀಯಿಂಗ್ ಅಡಾಪ್ಟೆಡ್' (1992) ಪುಸ್ತಕದ ಒಂದು ಮಾತು ಪ್ರತಿ ತಂದೆತಾಯಿಗೂ ಉಪಯುಕ್ತ. ನಾಲ್ಕೈದು ವರ್ಷದ ಮಗು 'ನಾನು ದತ್ತು' ಎಂದು ಸಂತೋಷದಿಂದ ಹೇಳಿದರೂ ಅದರ ಅರ್ಥ ಅದಕ್ಕೆ ತಿಳಿದಿರುವುದಿಲ್ಲ. ಏಳೆಂಟು ವರ್ಷದ ಹೊತ್ತಿಗೆ, ತಾನು ಒಂದು ಮನೆಗೆ ಬರಬೇಕಾದರೆ ಇನ್ನೊಂದು ಮನೆ ತನ್ನನ್ನು ಬಿಟ್ಟಿರಬೇಕು ಎಂಬುದು ಹೊಳೆಯುತ್ತದೆ. ಆಗ ಮಗು ಮಂಕಾಗಬಹುದು, ರೇಗಬಹುದು. ಅದು ಸಾಕಿದವರ ಮೇಲಿನ ಸಿಟ್ಟಲ್ಲ, ಕಳೆದುಕೊಂಡದ್ದರ ದುಃಖ. ಆದ್ದರಿಂದ ಒಮ್ಮೆ ಹೇಳಿ ಮುಗಿಸಿದರಾಗದು, ವಯಸ್ಸಿಗೆ ತಕ್ಕಂತೆ ಮತ್ತೆ ಮತ್ತೆ ಹೇಳಬೇಕು. ಕನ್ನಡದಲ್ಲಾದರೆ ಯಶೋದೆಯ ಮಡಿಲಿನ ಕೃಷ್ಣನಿಂದಲೇ ಶುರುಮಾಡಬಹುದು.

ಸಾಂಬ್ರಾಣಿಯ ಆ ತಾಯಿ ಆ ರಾತ್ರಿ ಊಟವಾದ ಮೇಲೆ ಟ್ರಂಕು ತೆಗೆದಳು. ಗಂಡ ಪಕ್ಕದಲ್ಲಿ ಕುಳಿತ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ. ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ಹುಡುಗಿ ಕೇಳಿದ್ದು ಎರಡೇ ಪ್ರಶ್ನೆ. "ನನ್ನ ಹಡದಾಕಿ ಯಾರು?" ಮತ್ತು "ಇಷ್ಟ ದಿನ ಯಾಕ ಹೇಳಲಿಲ್ಲ?" ಮೊದಲನೆಯದಕ್ಕೆ ತಾಯಿ ತನಗೆ ತಿಳಿದಷ್ಟನ್ನೇ ಹೇಳಿದಳು, ಹೆತ್ತಾಕೆಯನ್ನು ಹಳಿಯಲಿಲ್ಲ, ಕಥೆ ಕಟ್ಟಲೂ ಇಲ್ಲ. ಎರಡನೆಯದಕ್ಕೆ, "ಅಂಜಿಕಿ ಆಗಿತ್ತವಾ. ತಪ್ಪ ನಮ್ಮದು" ಎಂದಳು.

ನಾಲ್ಕು ದಿನ ಹುಡುಗಿ ಯಾರ ಹತ್ತಿರವೂ ಹೆಚ್ಚು ಮಾತಾಡಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ತಂದೆ ಎಂದಿನಂತೆ ಸೈಕಲ್ ಮೇಲೆ ಬಸ್ಸಿನ ತನಕ ಬಿಟ್ಟು ಬರುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಐದನೆಯ ದಿನ ಅವಳೇ ಕಡತ ಕೇಳಿ ಇಸಿದುಕೊಂಡಳು. ಅದರಲ್ಲಿ, ಮನೆಗೆ ಬಂದ ದಿನದ ಒಂದು ಫೋಟೋ ಇತ್ತು.

"ಆವತ್ತ ನಾ ಅತ್ತಿದ್ನೇನ?"

"ನೀ ಅಳಲಿಲ್ಲ. ಅತ್ತಾಕಿ ನಾನ."

ಹುಡುಗಿ ಫೋಟೋ ಹಿಡಿದುಕೊಂಡು ತಾಯಿಗೆ ಒರಗಿ ಕುಳಿತಳು. ಎಲ್ಲವೂ ಆ ದಿನವೇ ಸರಿಹೋಯಿತೆಂದಲ್ಲ. "ಮೊದಲ ಹೇಳಬೇಕಿತ್ತು" ಎಂಬ ಮಾತು ಈಗಲೂ ಒಮ್ಮೊಮ್ಮೆ ಅವಳ ಬಾಯಿಂದ ಬರುತ್ತದೆ, ಅದನ್ನು ಕೇಳಿಸಿಕೊಳ್ಳುವುದನ್ನು ಮನೆಯವರು ಕಲಿತಿದ್ದಾರೆ. ಮೂರು ವರ್ಷದ ಕೂಸಿಗೆ ಕಥೆಯಾಗಿ ಹೇಳಬಹುದಾಗಿದ್ದುದನ್ನು ಹದಿನೈದರ ಹುಡುಗಿಗೆ ತಪ್ಪೊಪ್ಪಿಗೆಯಾಗಿ ಹೇಳಬೇಕಾಯಿತು. ತಡ ಮಾಡಿದ್ದಕ್ಕೆ ತೆತ್ತ ದಂಡ ಅದು.

ಶಾಲೆಯವರಿಗೂ ಒಂದು ಮಾತು. ತರಗತಿಯಲ್ಲಿ ದತ್ತು ಬಂದವರಿರಬಹುದು, ಅಜ್ಜಿಯ ಮನೆಯಲ್ಲಿ ಬೆಳೆಯುವವರಿರಬಹುದು, ತಂದೆಯನ್ನು ಕಳೆದುಕೊಂಡವರಿರಬಹುದು. ಅನುವಂಶೀಯತೆ ಕಲಿಸಲು ಮಕ್ಕಳ ಮನೆಯೊಳಗೆ ಇಣುಕಬೇಕಾಗಿಲ್ಲ. ಮೆಂಡೆಲ್‌ಗೆ ಬಟಾಣಿ ಗಿಡ ಸಾಕಾಗಿತ್ತು. ನಮಗೂ ಸಾಕು.