ನನ್ನ ದನಿ ನಂಗೇ ಕೇಳಲಿಲ್ಲ

ಹ್ಯಾಮ್‌ಸ್ಯಾಟ್ ಅಂದ್ರೆ ನಂಗೆ ಮೊದಲು ನೆನಪಾಗೋದು ಬೆಂಗಳೂರಿನ ನಮ್ಮನೆ ತಾರಸಿ, ಆಮೇಲೆ ಅಪ್ಪನ ನೋಯ್ತಿದ್ದ ತೋಳು. ಹವ್ಯಾಸಿ ರೇಡಿಯೋದವರಿಗೇ ಅಂತ ಇಸ್ರೋ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿಸಿದ ಪುಟ್ಟ ಉಪಗ್ರಹ ಅದು, ಬರೀ 42.5 ಕೆ.ಜಿ. ನಾವು 435 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದ್ರೆ 145ರಲ್ಲಿ ವಾಪಸ್ ಕೇಳಿಸ್ತಿತ್ತು. ನಮ್ಮ ದನಿಯೂ ಸೇರಿ!

ನಂಗೆ ಮಾತ್ರ ಬೇರೆಯವರೆಲ್ಲ ಕೇಳ್ತಿದ್ರು, ನಾನೇ ಕೇಳ್ತಿರಲಿಲ್ಲ. ಉಪಗ್ರಹ ತಲೆ ಮೇಲೆ ಹಾದುಹೋಗೋ ಹತ್ತು-ಹದಿನೈದು ನಿಮಿಷದಲ್ಲಿ ಎಲ್ಲ ಆಗ್ಬೇಕು. ಎರಡು ಯಾಗಿ ಆಂಟೆನಾ ಕಟ್ಟಿದ ಕೋಲನ್ನ ಅಪ್ಪ ಅದರ ದಾರಿಗೆ ತಿರುಗಿಸ್ತಿದ್ರು. ನಾನು ಡಾಪ್ಲರ್‌ಗೆ ತಕ್ಕ ಹಾಗೆ ಡಯಲ್ ತಿರುಗಿಸ್ತಾ ಕಾಲ್‌ಸೈನ್ ಕೂಗ್ತಿದ್ದೆ. ಏನೂ ಇಲ್ಲ.. "ನೀವು ಸರಿಯಾಗಿ ಹಿಡೀತಿಲ್ಲಪ್ಪ" ಅಂತ ಮೂರು ವಾರ ರೇಗಿದೀನಿ. (ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.)

ಅವರಿಗೆ ರೇಡಿಯೋ ಗಂಧಗಾಳಿ ಇರಲಿಲ್ಲ. ಒಂದಿನ ಕೇಳಿದ್ರು, "ಎರಡೂ ಒಂದೇ ಕೋಲಲ್ಲಿವೆ. ಒಂದ್ರಲ್ಲಿ ಚೆನ್ನಾಗಿ ಕೇಳಿಸ್ತಿದೆ ಅಂದ್ಮೇಲೆ ನನ್ನ ಕೈ ತಪ್ಪು ಹೇಗಾಗುತ್ತೋ? ಇನ್ನೊಂದರ ವೈರ್ ನೋಡು."

ತಾರಸಿಯಲ್ಲೇ ಬಿದ್ದಿರ್ತಿದ್ದ ಆ ಕೇಬಲ್‌ನ ಕನೆಕ್ಟರ್ ಬಿಚ್ಚಿದೆ. ಒಳಗೆ ಮಳೆನೀರು, ತಾಮ್ರವೆಲ್ಲ ಹಸಿರುಗಟ್ಟಿತ್ತು. ಕಳಿಸಿದ ಪವರನ್ನೆಲ್ಲ ಅದೇ ನುಂಗ್ತಿತ್ತು!

ಹೊಸ ಕೇಬಲ್ ಹಾಕಿದ ಸಂಜೆ ನನ್ನ ದನಿ, ನೆಗಡಿ ಆದವನ ಥರ, ಆಕಾಶದಿಂದ ವಾಪಸ್ ಬಂತು. ನಾನು ಕುಣಿದಾಡಿದೆ. ಅಪ್ಪ ಕೋಲು ಇಳಿಸದೆ "ಸುಮ್ನಿರು, ಇನ್ನೂ ಮೂರು ನಿಮಿಷ ಇದೆ, ಮಾತಾಡೋ" ಅಂದ್ರು.

2014ರ ಜುಲೈನಲ್ಲಿ ಬ್ಯಾಟರಿ ಕೆಟ್ಟು ಹ್ಯಾಮ್‌ಸ್ಯಾಟ್ ಸುಮ್ಮನಾಯ್ತು. ಆ ಹಸಿರು ಕನೆಕ್ಟರ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ.