ದುಬೈನಲ್ಲಿ ಎರಡು ದಿನ

ತಿಂಥಣಿಯವರಿಗೆ ದಾರಿಯ ಬಗ್ಗೆ ಹೆಚ್ಚು ಯೋಚನೆ ಇರುವುದಿಲ್ಲ. ಈ ಕಡೆ ಹೋದರೆ ಸುರಪುರದಲ್ಲಿ ಬಸ್ ಬದಲಿಸಬೇಕು, ಕೃಷ್ಣಾ ಸೇತುವೆ ದಾಟಿ ಆ ಕಡೆ ಹೋದರೆ ಲಿಂಗಸುಗೂರಿನಲ್ಲಿ. ಅಬ್ಬಾ, ಅಮ್ಮಿ ಮತ್ತು ನಾನಿ ಉಮ್ರಾಕ್ಕೆ ಹೋಗುವುದೆಂದು ಗೊತ್ತಾಗಿ, ವಿಮಾನದ ಟಿಕೆಟ್ ನೋಡುವ ಕೆಲಸ ನನ್ನ ಪಾಲಿಗೆ ಬಂದಾಗ ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ನಾಲ್ಕು ದಿನ ಹಿಡಿಯಿತು.

ಕಾರಣ ನಾನಿಯ ಒಂದು ಆಸೆ. ನಮ್ಮ ಮಾಮು ದುಬೈನಲ್ಲಿದ್ದಾರೆ. ಊರಿಗೆ ಬಂದು ಆರು ವರ್ಷವಾಗಿತ್ತು. "ಹೋಗೋ ದಾರ್ಯಾಗ ಅವನ ಮನ್ಯಾಗ ಎರಡು ದಿನ ಇದ್ದು ಹೋಗೋಣು" ಅಂದರು. ಅಂದರೆ ಹೈದರಾಬಾದ್‌ನಿಂದ ದುಬೈ, ಎರಡು ದಿನ ಬಿಟ್ಟು ಜಿದ್ದಾ, ಮಕ್ಕಾದಿಂದ ಮದೀನಾಕ್ಕೆ ರೈಲು, ಮದೀನಾದಿಂದ ವಾಪಸ್ ಹೈದರಾಬಾದ್. ಇದು ಹೋಗಿಬರುವ ಸಾದಾ ಟಿಕೆಟ್ ಅಲ್ಲ. ಬುಕಿಂಗ್ ಪುಟದಲ್ಲಿ 'ಮಲ್ಟಿ ಸಿಟಿ' ಅಂತ ಇರುತ್ತದಲ್ಲ, ಅದನ್ನು ಒತ್ತಿ ಒಂದೊಂದು ಹಂತಕ್ಕೂ ಊರು, ತಾರೀಖು ನಾವೇ ಹಾಕಬೇಕು.

ಅಮ್ಮಿ ಒಂದು ಉಪಾಯ ಹೇಳಿದರು: ದುಬೈ ಮೇಲೆ ಜಿದ್ದಾಕ್ಕೆ ಹೋಗುವ ಟಿಕೆಟ್ ತೆಗೆದು ನಡುವೆ ಇಳಿದುಬಿಟ್ಟರೆ? ಬಸ್ಸಾದರೆ ನಡೆಯುತ್ತಿತ್ತು. ವಿಮಾನದಲ್ಲಿ ಒಂದು ಹಂತಕ್ಕೆ ಹಾಜರಾಗದಿದ್ದರೆ ಮುಂದಿನ ಹಂತಗಳೂ ರದ್ದಾಗುತ್ತವೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನ್ಯವಾಗಿ 24 ಗಂಟೆಯೊಳಗಿನ ನಿಲುಗಡೆ ಲೇಓವರ್, ಅದಕ್ಕಿಂತ ಹೆಚ್ಚಾದರೆ ಸ್ಟಾಪ್‌ಓವರ್. ಎರಡು ದಿನ ಬೇಕೆಂದರೆ ಮೊದಲೇ ಹಾಗೆಂದು ಬುಕ್ ಮಾಡಬೇಕು, ದುಬೈ ವೀಸಾ ಬೇರೆ ತೆಗೆಸಬೇಕು.

ಹುಡುಕಿದಾಗ ಮೊಬೈಲು ಅಗ್ಗದ್ದನ್ನೇ ಮೇಲೆ ತೋರಿಸಿತು. ವಾಪಸ್ ಬರುವಾಗ ಒಂದರಲ್ಲಿ ಬಹರೈನ್‌ನಲ್ಲಿ ರಾತ್ರಿಯಿಡೀ 11 ಗಂಟೆ ಕೂರಬೇಕು. ನಾನಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಇನ್ನೊಂದರಲ್ಲಿ ವಿಮಾನ ಬದಲಿಸಲು ಬರೀ 55 ನಿಮಿಷ. ಅವರಿಗೆ ಮೊಣಕಾಲು ನೋವು, ಗಾಲಿಕುರ್ಚಿ ಬೇಕು. ಗಾಲಿಕುರ್ಚಿಯವರನ್ನು ಸಾಮಾನ್ಯವಾಗಿ ಎಲ್ಲರೂ ಇಳಿದ ಮೇಲೆ ಇಳಿಸುತ್ತಾರೆ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿರುತ್ತದೆ.

ಎಲ್ಲಕ್ಕಿಂತ ಅಗ್ಗದ್ದು ಮುಂಬೈ ಮೇಲಿನದು. ನಾನು ಅದನ್ನೇ ಆರಿಸಿ, ಬಹಳ ಜಾಣನಂತೆ ಅಬ್ಬಾಗೆ ತೋರಿಸಿದೆ. ಹಣ ಕಟ್ಟುವ ಮುಂಚೆ ಮಾಮುಗೆ ಕಳಿಸಿದ್ದು ಒಳ್ಳೆಯದಾಯಿತು. ಅದು ಎರಡು ಬೇರೆ ಬೇರೆ ಟಿಕೆಟ್, ಎರಡು ಪಿಎನ್‌ಆರ್. ಮದೀನಾ ವಿಮಾನ ತಡವಾದರೆ ಮುಂಬೈ-ಹೈದರಾಬಾದ್ ವಿಮಾನದವರಿಗೆ ಸಂಬಂಧವಿಲ್ಲ, ಆ ಹಣ ಹೋದಂತೆ. ಮುಂಬೈನಲ್ಲಿ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ ಎಲ್ಲ ಚೀಲ ಹೊತ್ತು ಟರ್ಮಿನಲ್ 2ರಿಂದ 1ಕ್ಕೆ ರಸ್ತೆಯಲ್ಲಿ ಹೋಗಬೇಕಿತ್ತು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕೆಜಿ. 5 ಲೀಟರಿನ ಜಮ್‌ಜಮ್ ಡಬ್ಬವೂ ಆ ತೂಕದಲ್ಲೇ ಸೇರುತ್ತಿತ್ತು.

ಒಂದೇ ಟಿಕೆಟ್‌ನಲ್ಲಿ, ದುಬೈ ಮೇಲೆಯೇ ವಾಪಸ್ ಬರುವ ದಾರಿಗೆ ಒಬ್ಬರಿಗೆ ಆರು ಸಾವಿರ ಹೆಚ್ಚು. ಮೂವರಿಗೆ 18,000 ರೂಪಾಯಿ. ಆ ವರ್ಷದ ಹತ್ತಿ ಮಾರಿದ ದುಡ್ಡಿನಲ್ಲಿ ಹೊರಟವರು ನಾವು. ಅಬ್ಬಾ ಲೆಕ್ಕ ಹಾಕುತ್ತಾ ಕೂತದ್ದನ್ನು ನಾನಿ ಒಳಗಿಂದ ಕೇಳಿಸಿಕೊಂಡರು. "ನನ್ನ ಸಲುವಾಗಿ ಖರ್ಚು ಬ್ಯಾಡ. ದುಬೈ ಬಿಡ್ರಿ, ಮಗನ್ನ ಫೋನಿನಾಗ ನೋಡ್ತೀನಿ" ಅಂದರು. ಆಮೇಲೆ ಅದರ ಮಾತೇ ಎತ್ತಲಿಲ್ಲ. ಅಬ್ಬಾ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ "ಮೂರೂ ಊರು ಇರಲಿ, ಒಂದೇ ಟಿಕೆಟ್ ಮಾಡು" ಅಂದರು.

ಇನ್ನೊಂದು ವಿಷಯ ಮೊಬೈಲು ಹೇಳುವುದೇ ಇಲ್ಲ. ನಮ್ಮ ಕಾಲೇಜಿನ ಉರ್ದು ಸರ್ ಕೇಳಿದರು: "ಮೊದಲು ಮಕ್ಕಾನಾ, ಮದೀನಾನಾ?" ದುಬೈನಿಂದ ಜಿದ್ದಾಕ್ಕೆ ಹೋಗುವ ವಿಮಾನ ಆಕಾಶದಲ್ಲೇ ಮೀಖಾತ್ ದಾಟುತ್ತದೆ. ಜಿದ್ದಾದಲ್ಲಿ ಇಳಿದ ಮೇಲೆ ಇಹ್ರಾಮ್ ಕಟ್ಟೋಣ ಎಂದರೆ ತಡವಾಯಿತು. ಮದೀನಾಕ್ಕೆ ಮೊದಲು ಹೋದರೆ ಮಕ್ಕಾಕ್ಕೆ ಹೊರಡುವಾಗ ಜುಲ್‌ಹುಲೈಫಾದಲ್ಲಿ ಇಹ್ರಾಮ್. ನಾನಿಗೆ ಕಾಬಾವನ್ನೇ ಮೊದಲು ನೋಡಬೇಕಿತ್ತು. ಹಾಗಾಗಿ ಮಾಮುವಿನ ಮನೆಯಲ್ಲೇ ಗುಸ್ಲ್ ಮಾಡಿ, ಅಬ್ಬಾ ಅಲ್ಲಿಂದಲೇ ಇಹ್ರಾಮಿನ ಬಟ್ಟೆಯಲ್ಲಿ ಹೊರಡುವಂತೆ ಮಧ್ಯಾಹ್ನದ ನೇರ ವಿಮಾನ ಹಿಡಿದೆವು. ಬೆಳಗಿನ ಜಾವದ್ದು ಇನ್ನೂ ಅಗ್ಗವಿತ್ತು, ಬೇಡವೆಂದೆವು.

ನಾನಿಯ ಅಜ್ಜ ಬೊಂಬಾಯಿಯಿಂದ ಹಡಗಿನಲ್ಲಿ ಹಜ್‌ಗೆ ಹೋಗಿದ್ದರಂತೆ. ಆ ಕಾಲದ ಯಾತ್ರಿಕರನ್ನು ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಇಳಿಸಿ, ಸಾಂಕ್ರಾಮಿಕ ರೋಗ ಇದೆಯೇ ಎಂದು ದಿನಗಟ್ಟಲೆ ನಿಲ್ಲಿಸಿಕೊಳ್ಳುತ್ತಿದ್ದರು. ಅದೂ ಒಂದು ಲೇಓವರೇ, ಆದರೆ ಬೇಡ ಅನ್ನುವ ಹಾಗಿರಲಿಲ್ಲ. ನಮ್ಮ ದೇಶದ ಹಜ್ ಹಡಗುಗಳು 1995ರಲ್ಲಿ ನಿಂತವು.

ಮೂವರೂ ಹೋಗಿಬಂದರು. ನನಗೆ ಪರೀಕ್ಷೆ ಇತ್ತು, ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಕರೆತರಲು ಮಾತ್ರ ಹೋಗಿದ್ದೆ. ಜಮ್‌ಜಮ್ ಡಬ್ಬಗಳು ಅವರ ಚೀಲಗಳ ಜೊತೆಯೇ ಬಂದವು. ಊರಿಗೆ ಬರುವಾಗ ಗಾಡಿಯಲ್ಲಿ ನಾನಿ ಹರಮ್‌ನ ಬಗ್ಗೆ ಬಹಳ ಹೇಳಿದರು, ವಿಮಾನದ ಬಗ್ಗೆ ಏನೂ ಇಲ್ಲ. ಯಾದಗಿರಿ ದಾಟಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಿಟಕಿ ಕಡೆ ನೋಡುತ್ತಾ ಅಂದರು:

"ನಿನ್ನ ಮಾಮುನ ಕೂದ್ಲಾ ಎಲ್ಲಾ ಬೆಳ್ಳಗಾಗ್ಯಾವ. ಫೋನಿನಾಗ ಕಾಣ್ತಿದ್ದಿಲ್ಲ."