ಎರಡೇ ನಿಮಿಷದ ವಿಮಾನಯಾನ

ವಿಮಾನವೇರಿ, ಬೆಲ್ಟ್ ಬಿಗಿದುಕೊಂಡು, ಕಿಟಕಿಯಾಚೆ ಕಣ್ಣು ಹಾಯಿಸುವಷ್ಟರಲ್ಲಿ ಇಳಿಯುವ ಊರೇ ಬಂದುಬಿಟ್ಟರೆ ಹೇಗಿರುತ್ತದೆ? ಸ್ಕಾಟ್ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಸಮೂಹದಲ್ಲಿ ಇದು ಮಾಮೂಲು ಸಂಗತಿ. ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳ ವಿಮಾನ ನಿಲ್ದಾಣಗಳ ನಡುವಿನ ಅಂತರ ಕೇವಲ 2.7 ಕಿ.ಮೀ. ವೇಳಾಪಟ್ಟಿಯಂತೆ ಪ್ರಯಾಣದ ಅವಧಿ 2 ನಿಮಿಷ. ನಮ್ಮ ದೇವನಹಳ್ಳಿ ನಿಲ್ದಾಣದ ಒಂದು ರನ್‌ವೇ 4 ಕಿ.ಮೀ. ಉದ್ದವಿದೆ. ಎಂದರೆ, ಈ ಇಡೀ ಪ್ರಯಾಣ ಆ ರನ್‌ವೇಯ ಮೇಲೆಯೇ ಮುಗಿದುಹೋಗುತ್ತದೆ! ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಎಂಬ ಹೆಗ್ಗಳಿಕೆ ಇದರದು.

ಲೋಗನ್‌ಏರ್ ಸಂಸ್ಥೆ 1967ರಲ್ಲಿ ಈ ಮಾರ್ಗವನ್ನು ಆರಂಭಿಸಿತು. ಹಾರುವುದು ‘ಐಲ್ಯಾಂಡರ್’ ಎಂಬ ಎರಡು ಎಂಜಿನ್ನಿನ ಪುಟ್ಟ ವಿಮಾನ. ಎಂಟು ಮಂದಿ ಹತ್ತಿದರೆ ಭರ್ತಿ. ಚಾಲಕನ ಪಕ್ಕದ ಸೀಟೂ ಕೆಲವೊಮ್ಮೆ ಪ್ರಯಾಣಿಕರಿಗೇ ಸಿಗುವುದುಂಟು.

ಇಲ್ಲೊಂದು ಸರಳ ಲೆಕ್ಕ. 2.7 ಕಿ.ಮೀ. ದೂರವನ್ನು 2 ನಿಮಿಷದಲ್ಲಿ ಕ್ರಮಿಸಿದರೆ ಸರಾಸರಿ ವೇಗ ಗಂಟೆಗೆ 81 ಕಿ.ಮೀ. ಹೆದ್ದಾರಿಯ ಕಾರಿನ ವೇಗವಷ್ಟೇ! ಆದರೆ ಸ್ಟುವರ್ಟ್ ಲಿಂಕ್ಲೇಟರ್ ಎಂಬ ಪೈಲಟ್ ಇದೇ ದೂರವನ್ನು 53 ಸೆಕೆಂಡಿನಲ್ಲಿ ಹಾರಿ ದಾಖಲೆ ಮಾಡಿದ್ದಾರೆ. ಆಗಿನ ವೇಗ ಗಂಟೆಗೆ ಸುಮಾರು 183 ಕಿ.ಮೀ. ದೂರ ಒಂದೇ ಇದ್ದರೂ ಸಮಯವೇಕೆ ಬೇರೆ? ಉತ್ತರ ಗಾಳಿಯಲ್ಲಿದೆ. ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏರುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿಯ ದಿಕ್ಕು ಹೊಂದಿಬಂದರೆ ನೇರ ಹಾದಿ. ಇಲ್ಲವಾದರೆ ಸುತ್ತು ಹೊಡೆದು ಇಳಿಯಬೇಕು.

ಇಷ್ಟು ಸಮೀಪದ ಊರಿಗೆ ವಿಮಾನವೇಕೆ ಎಂದು ಯಾರಿಗಾದರೂ ಅನ್ನಿಸೀತು. ನಡುವೆ ಇರುವುದು ಸಮುದ್ರ, ಸೇತುವೆಯಿಲ್ಲ. ದೋಣಿಯಲ್ಲಿ ಸುಮಾರು 25 ನಿಮಿಷ ಬೇಕು, ಕಡಲು ಮುನಿದರೆ ಅದೂ ಇಲ್ಲ. 2011ರ ಜನಗಣತಿಯಂತೆ ಪಾಪಾ ವೆಸ್ಟ್ರೇಯ ಜನಸಂಖ್ಯೆ ಬರೀ 90. ಅಲ್ಲಿರುವುದು ಪ್ರಾಥಮಿಕ ಶಾಲೆ ಮಾತ್ರ. ಮುಂದಿನ ಓದಿಗೆ ಮಕ್ಕಳು ಕಡಲು ದಾಟಿ ವೆಸ್ಟ್ರೇಗೆ ಹೋಗಬೇಕು; ಆಮೇಲೆ ಓರ್ಕ್ನಿಯ ಮುಖ್ಯಪಟ್ಟಣ ಕರ್ಕ್‌ವಾಲ್‌ನ ಹಾಸ್ಟೆಲ್ ಸೇರಬೇಕು. ಹದಿಹರೆಯದಲ್ಲೇ ಮನೆ ಬಿಡುವ ಈ ಮಕ್ಕಳಿಗೂ ಅವರ ಹೆತ್ತವರಿಗೂ ಪುಟ್ಟ ವಿಮಾನವೆಂದರೆ ವಿನೋದವಲ್ಲ, ಊರಿನ ನಂಟು. ಶಿಕ್ಷಕರು, ವೈದ್ಯರು, ಆಸ್ಪತ್ರೆಗೆ ಹೊರಟ ರೋಗಿಗಳು ಕೂಡ ಇದನ್ನೇ ನೆಚ್ಚಿದ್ದಾರೆ. ಟಿಕೆಟ್ ಹಣದಿಂದಲೇ ಇಂಥ ಸೇವೆ ನಡೆಯುವಂತಿಲ್ಲವಾದ್ದರಿಂದ ಸ್ಥಳೀಯ ಆಡಳಿತ ಸಹಾಯಧನ ನೀಡುತ್ತದೆ.

ಪ್ರವಾಸಿಗರಿಗೂ ಇಲ್ಲಿ ಆಕರ್ಷಣೆಯುಂಟು. 5,000 ವರ್ಷಕ್ಕೂ ಹಳೆಯದಾದ ‘ನ್ಯಾಪ್ ಆಫ್ ಹೋವರ್’ ಎಂಬ ಜೋಡಿ ಕಲ್ಲುಮನೆಗಳು ಪಾಪಾ ವೆಸ್ಟ್ರೇಯ ಕಡಲಂಚಿನಲ್ಲಿವೆ. ಈಜಿಪ್ಟಿನ ಮಹಾ ಪಿರಮಿಡ್ಡಿಗಿಂತಲೂ ಇವು ಹಿರಿಯವು. ಅಷ್ಟು ಹಿಂದೆಯೇ ಮನುಷ್ಯ ನೆಲೆಯೂರಿದ ಆ ದ್ವೀಪದಲ್ಲಿ ಇಂದಿಗೂ ಮನೆಗಳ ಒಲೆ ಆರದಿರಲು ಈ ಎರಡು ನಿಮಿಷದ ಹಾರಾಟವೂ ಒಂದು ಕಾರಣ.